ಬ್ರಿಟನ್ನಿನ ಏಕೈಕ ರೂಬಗಲ್ಲಿ

ಪಾಂಟ್‌ಗ್ವೆರ್ನ್ ಊರಿನಲ್ಲಿ ಜನಕ್ಕೆ ಬರವಿರಲಿಲ್ಲ, ಮನೆತನದ ಹೆಸರಿಗೆ ಬರ. ಜೋನ್ಸ್, ಇವಾನ್ಸ್, ಪ್ರೈಸ್, ಡೇವಿಸ್, ಇಷ್ಟರಲ್ಲೇ ಇಡೀ ಕಣಿವೆ ಹಂಚಿಕೊಂಡು ಬಾಳಬೇಕಿತ್ತು. ಬೀದಿಯಲ್ಲಿ ನಿಂತು ‘ಜೋನ್ಸ್’ ಎಂದು ಕೂಗಿದರೆ ಕಲ್ಲಿದ್ದಲ ಗಣಿಯಿಂದ ಬರುತ್ತಿದ್ದ ಅರ್ಧ ಪಾಳಿಯೇ ತಿರುಗಿ ನೋಡುತ್ತಿತ್ತು. ಅದಕ್ಕೇ ಜನ ಹೆಸರಿಗೆ ಕಸುಬನ್ನು ಅಂಟಿಸಿಕೊಂಡಿದ್ದರು. ಬೇಕರಿಯವನು ರೊಟ್ಟಿ ಜೋನ್ಸ್, ಮನೆಮನೆಗೆ ಹಾಲು ಹಾಕುವವನು ಹಾಲು ಡೇವಿಸ್, ಸತ್ತವರನ್ನು ಕಪ್ಪು ಗಾಡಿಯಲ್ಲಿ ಸಾಗಿಸುವವನು ಹೆಣದ ಇವಾನ್ಸ್. ಯಾರಿಗೂ ಇದರಲ್ಲಿ ಅವಮಾನವಿರಲಿಲ್ಲ.

ಇಂಥ ಊರಿನಲ್ಲಿ ಕಾಫಿ ಅಂಗಡಿಯ ಎರ್ಕೊಲೆ ರೂಬಗಲ್ಲಿ ಒಬ್ಬನೇ ತನ್ನ ಹೆಸರನ್ನು ಕಿರೀಟದಂತೆ ಹೊತ್ತು ತಿರುಗುತ್ತಿದ್ದ. ಆಳು ಕುಳ್ಳ, ಹೊಟ್ಟೆ ಗುಂಡಗೆ, ತಲೆ ಬೋಳು. ಆದರೆ ಹೆಸರು ಹೇಳುವಾಗ ಮಾತ್ರ ಹಿಮ್ಮಡಿ ಎತ್ತಿ ನಿಲ್ಲುತ್ತಿದ್ದ. “ರೂಬ್ರೊ ಅಂದ್ರೆ ಕೆಂಪು, ಗಲ್ಲೊ ಅಂದ್ರೆ ಹುಂಜ. ರೋಮನ್ ಸೈನ್ಯದ ಮುಂದೆ ಕೆಂಪು ಹುಂಜದ ಬಾವುಟ ಹಿಡಿದು ನಡೆದೋರು ನಮ್ಮ ಹಿರೀಕರು” ಎಂದು ಅವನ ಅಪ್ಪ ಬಾರ್ತೊಲೊಮಿಯೊ ಅವನಿಗೆ ಹೇಳಿದ್ದ. ಆ ಅಪ್ಪ ಇಟಲಿಯ ಗುಡ್ಡದೂರಿನಿಂದ ಹೊರಟು, ಬೆನ್ನ ಮೇಲೆ ಹಾಡಿನ ಪೆಟ್ಟಿಗೆ ಹೊತ್ತು ಬ್ರಿಟನ್ನಿನ ಊರೂರು ಅಲೆದು, ಕೊನೆಗೆ ಕಾಲು ಸೋತ ಜಾಗದಲ್ಲಿ ಅಂಗಡಿ ಹಾಕಿದವನು. ಈಗ ಕಾಫಿ ಯಂತ್ರದ ಮೇಲಿನ ಫೋಟೋ ಚೌಕಟ್ಟಿನಲ್ಲಿ ಮೀಸೆ ತಿರುವಿಕೊಂಡು ಕೂತಿದ್ದ.

ಎರ್ಕೊಲೆ ಅಷ್ಟಕ್ಕೇ ಬಿಡಲಿಲ್ಲ. ಜಿಲ್ಲಾ ಲೈಬ್ರರಿಗೆ ಹೋಗಿ ಬ್ರಿಟನ್ನಿನ ಟೆಲಿಫೋನ್ ಪುಸ್ತಕಗಳನ್ನೆಲ್ಲ ತಿರುವಿ ಹಾಕಿ ಬಂದ. ಎಲ್ಲೂ ಇನ್ನೊಬ್ಬ ರೂಬಗಲ್ಲಿ ಇರಲಿಲ್ಲ. ಸ್ಕಾಟ್ಲೆಂಡಿನ ಪುಸ್ತಕವೊಂದನ್ನು ಕುಂಟುತ್ತಿದ್ದ ಮೇಜಿನ ಕಾಲಿಗೆ ಆನಿಸಿದ್ದರು. ಅದನ್ನು ಎಳೆದರೆ ಮೇಜು ಬೀಳುತ್ತದೆಂದು ಬಿಟ್ಟು ಬಂದ. ಮಾರನೆಯ ವಾರವೇ ಅಂಗಡಿಯ ಕಿಟಕಿಗೆ ಹಲಗೆ ಬಿತ್ತು: ‘ಬ್ರಿಟನ್ನಿನ ಏಕೈಕ ರೂಬಗಲ್ಲಿ’. ಪಕ್ಕದಲ್ಲಿ ಒಂದು ಕೆಂಪು ಹುಂಜ.

“ಒಬ್ಬನೇ ಇರೋದು ಒಳ್ಳೇದಾಯ್ತು” ಎಂದಳು ಅವನ ಹೆಂಡತಿ ಮಾರ್ವೆನ್. ಅವಳು ತವರಿನಲ್ಲಿ ಜೋನ್ಸ್ ಆಗಿದ್ದವಳು, ಅದೇ ಊರಿನವಳು.

ಹಲಗೆ ನೋಡಿ ಮಾತಾಡದೆ ಎದ್ದು ಹೋದವಳು ಒಬ್ಬಳೇ, ಬಾರ್ತೊಲೊಮಿಯೊನ ತಂಗಿ ಒರ್ಸೋಲಾ ಅತ್ತೆ. ಅಂಗಡಿಯ ಮೂಲೆಯಲ್ಲಿ ಕೂತು ಅವರೆಕಾಳು ಸುಲಿಯುವ ಈ ಮುದುಕಿ, ಮನೆತನದ ಮಾತು ಬಂದಾಗಲೆಲ್ಲ ಬುಟ್ಟಿ ಎತ್ತಿಕೊಂಡು ಮಹಡಿ ಹತ್ತಿಬಿಡುತ್ತಿದ್ದಳು. ಕಿವಿ ಮಂದ ಎಂದು ಎರ್ಕೊಲೆ ತಿಳಿದಿದ್ದ.

ಎರ್ಕೊಲೆಗೆ ಇದ್ದ ಕೊರಗು ಒಂದೇ. ಮಕ್ಕಳೆಂದರೆ ಲೀದಿಯಾ ಒಬ್ಬಳು. ಅವಳು ನಾಳೆ ಯಾವನೋ ಡೇವಿಸ್‌ನನ್ನು ಕಟ್ಟಿಕೊಂಡರೆ ರೋಮನ್ ಬಾವುಟ ಅಲ್ಲಿಗೆ ಮಡಚಿದ ಹಾಗೆ. ಅವಳು ಕಾರ್ಡಿಫ್‌ನಲ್ಲಿ ಟೈಪಿಂಗ್ ಕಲಿಯುತ್ತಿದ್ದಳು. ಆ ಬೇಸಿಗೆ ಭಾನುವಾರವೂ ಗೆಳತಿಯ ಮನೆ ಎಂದು ಬಸ್ಸು ಹತ್ತುತ್ತಿದ್ದಳು.

ಗಾಳಿ ಬೀಸಿದ್ದು ಹೆಣದ ಇವಾನ್ಸ್ ಕಡೆಯಿಂದ. ಒಂದು ಬೆಳಿಗ್ಗೆ ಅವನು ಚಹಾದ ಬಟ್ಟಲನ್ನು ಎಂದಿಗಿಂತ ಜೋರಾಗಿ ಕೆಳಗಿಟ್ಟ.

“ವ್ಯಾನು ತಗೊಂಡ್ಯಂತೆ. ಹೇಳಲೇ ಇಲ್ಲ.”

“ಯಾವ ವ್ಯಾನು?”

“ಐಸ್‌ಕ್ರೀಮ್ ಮಾರೋದು. ಪೋರ್ತ್‌ಹೆಲಿಗ್ ಸಮುದ್ರದ ದಂಡೇಲಿ ನೋಡ್ದೆ. ಉದ್ದಕ್ಕೂ ನಿನ್ನ ಹೆಸರು ಬರೆಸಿದ್ದೀಯ. ಇಲ್ಲಿ ಚಹಾದ ಬೆಲೆ ಏರಿಸಿದ್ದು ಇದಕ್ಕೇನಾ ಅಂತ ಕೇಳಿದ್ದು, ಅಷ್ಟೇ.”

“ಅದು ನಂದಲ್ಲ ಕಣಯ್ಯಾ.”

ಇವಾನ್ಸ್ ನಿಧಾನವಾಗಿ ತಿರುಗಿ ಕಿಟಕಿಯ ಹಲಗೆ ನೋಡಿದ. ಆಮೇಲೆ ಎರ್ಕೊಲೆಯ ಮುಖ ನೋಡಿದ. ಸತ್ತವರ ಮನೆಯವರ ಎದುರು ಕೂರುವಾಗಿನ ಮುಖ ಮಾಡಿಕೊಂಡು, “ಸರಿ, ನಿಂದಲ್ಲ” ಎಂದ.

ಮಾರನೆಯ ದಿನ ಪ್ರಾರ್ಥನಾ ಮಂದಿರದ ಹಿರಿಯ ಟ್ಯೂಡರ್ ಪ್ರೈಸ್ ಟೋಪಿ ತೆಗೆಯದೆ ಒಳಗೆ ಬಂದರು. ಭಾನುವಾರ ವ್ಯಾಪಾರ ಮಾಡುವುದಿಲ್ಲವೆಂದು ಎರ್ಕೊಲೆ ಹಿಂದೊಮ್ಮೆ ಇವರ ಕೈಹಿಡಿದು ಮಾತು ಕೊಟ್ಟಿದ್ದ.

“ರೂಬಗಲ್ಲಿಯವರೇ, ಇಲ್ಲಿ ಬಾಗಿಲು ಹಾಕಿ ಅಲ್ಲಿ ಗಂಟೆ ಬಾರಿಸಿದ್ರೆ ದೇವರಿಗೆ ಕೇಳಿಸೋದಿಲ್ವಾ? ನಮ್ಮ ಮಂದಿರದ ಮಕ್ಕಳು ಭಾನುವಾರ ನಿಮ್ಮ ವ್ಯಾನಿನ ಮುಂದೆ ಸಾಲಾಗಿ ನಿಂತಿದ್ರಂತೆ. ಇಬ್ಬರಿಗೆ ಪಾಠ ಬರಲಿಲ್ಲ, ನೆಗಡಿ ಬಂತು.”

“ಅದು ಬೇರೆ ಯಾರೋ ಇರಬೇಕು ಸ್ವಾಮಿ.”

“ಬೇರೆ ಯಾರು? ಇಡೀ ಬ್ರಿಟನ್ನಲ್ಲಿ ಇನ್ನೊಬ್ಬರಿಲ್ಲ ಅಂತ ನೀವೇ ಅಲ್ವಾ ಬರೆಸಿರೋದು? ಅದಾದ್ರೂ ನಿಜವೋ, ಅದೂ ಸುಳ್ಳೋ?”

ನಿಜವೆಂದರೆ ಭಾನುವಾರದ ಪಾಪ ತಲೆಗೆ ಬರುತ್ತಿತ್ತು. ಸುಳ್ಳೆಂದರೆ ರೋಮ್ ಸಾಮ್ರಾಜ್ಯ ಕುಸಿಯುತ್ತಿತ್ತು. ಎರ್ಕೊಲೆ ಅವರಿಗೊಂದು ಬಿಸ್ಕತ್ತು ಕೊಟ್ಟ. ಪ್ರೈಸ್ ಅದನ್ನು ಮುಟ್ಟದೆ ಹೊರಟುಹೋದರು. ಉತ್ತರದ ಬದಲು ಕೊಟ್ಟ ಬಿಸ್ಕತ್ತೇ ತಪ್ಪೊಪ್ಪಿಗೆ ಎಂದು ಸಂಜೆಯೊಳಗೆ ಊರೆಲ್ಲ ಹರಡಿತು.

ಆಮೇಲೆ ಪೇದೆ ಬಂದ. ವ್ಯಾನು ಪೋರ್ತ್‌ಹೆಲಿಗ್‌ನ ಬಸ್ಸು ನಿಲ್ಲುವ ಜಾಗದಲ್ಲಿ ನಿಂತಿತ್ತಂತೆ. “ಹೆಸರು ಒಬ್ಬರಿಗೇ ಇದ್ರೆ ಹಿಡಿಯೋದು ಎಷ್ಟು ಸುಲಭ ನೋಡು. ಜೋನ್ಸ್ ಆಗಿದ್ರೆ ನಾನು ವರ್ಷವೆಲ್ಲ ಸುತ್ತಬೇಕಾಗ್ತಿತ್ತು” ಎಂದು ಮೆಚ್ಚಿಕೊಂಡು ಎಚ್ಚರಿಕೆ ಕೊಟ್ಟು ಹೋದ.

ಇಷ್ಟೂ ಆದ ಮೇಲೆ ಮಾರ್ವೆನ್ ಪಾತ್ರೆ ಒರೆಸುತ್ತ ಕೇಳಿದಳು. ಅವಳು ಪಾತ್ರೆ ಒರೆಸುತ್ತ ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಯಾರೂ ಸುಖಪಟ್ಟಿರಲಿಲ್ಲ.

“ಬ್ಲಾಡ್ವೆನ್ ಅಂದ್ರೆ ಯಾರು?”

“ಯಾರು?”

“ಅದನ್ನೇ ನಾನು ಕೇಳ್ತಿರೋದು. ಪೋರ್ತ್‌ಹೆಲಿಗ್‌ನಲ್ಲಿ ಹೆಂಗಸರ ಕೂದಲು ಸುರುಳಿ ಮಾಡ್ತಾಳಂತೆ. ವಿಧವೆ. ವ್ಯಾನು ದಿನಾ ಸಂಜೆ ಅವಳ ಮನೆ ಮುಂದೆ ನಿಲ್ಲುತ್ತಂತೆ. ಬೆಳಿಗ್ಗೆವರೆಗೂ.”

“ನಾನು ರಾತ್ರಿ ನಿನ್ನ ಪಕ್ಕದಲ್ಲೇ ಮಲಗಿರ್ತೀನಲ್ಲ ಮಾರ್ವೆನ್.”

“ಗೊರಕೆ ಕೇಳುತ್ತೆ. ನಾನೇನು ದೀಪ ಹಚ್ಚಿ ನೋಡ್ತೀನಾ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಕಳ್ಳನ ಲಕ್ಷಣ ಎನ್ನುತ್ತಾರೆ. ಕಳ್ಳನಲ್ಲದವನೂ ಮುಟ್ಟಿ ನೋಡಿಕೊಳ್ಳುತ್ತಾನೆ. ನಾನೇನಾದರೂ ನಿದ್ದೆಯಲ್ಲಿ ಎದ್ದು ವ್ಯಾನು ಕೊಂಡೆನೇ ಎಂದು ಎರ್ಕೊಲೆ ಒಂದು ಗಳಿಗೆ ಯೋಚಿಸಿದ. ನನಗೆ ವ್ಯಾನು ಓಡಿಸಲು ಬರುವುದಿಲ್ಲ ಎನ್ನುವುದು ಆಮೇಲೆ ನೆನಪಾಯಿತು. ಆಗ ಅವನ ಕಣ್ಣು ಕಾಫಿ ಯಂತ್ರದ ಮೇಲಿನ ಚೌಕಟ್ಟಿಗೆ ಹೋಯಿತು. ಬಾರ್ತೊಲೊಮಿಯೊ ಮೀಸೆಯಡಿ ನಗುತ್ತಿದ್ದ. ಇಷ್ಟು ದಿನ ಅದು ರೋಮನ್ ನಗು ಎಂದು ಕಂಡಿತ್ತು. ಈಗ ಬೇರೆ ಥರ ಕಂಡಿತು. ಬೆನ್ನ ಮೇಲೆ ಹಾಡಿನ ಪೆಟ್ಟಿಗೆ, ಒಬ್ಬಂಟಿ ಗಂಡಸು, ಊರೂರು ಅಲೆತ. ಹಾಡು ಕೇಳಲು ಬಾಗಿಲಿಗೆ ಬಂದ ಹೆಂಗಸರೆಲ್ಲ ಬರೀ ಹಾಡು ಕೇಳಿ ಒಳಗೆ ಹೋಗಿರುತ್ತಾರೆಯೇ?

ಎರ್ಕೊಲೆ ಸ್ಟೂಲು ಹತ್ತಿ ಅಪ್ಪನ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದ. ಮೂಲೆಯಲ್ಲಿ ಅವರೆಕಾಳು ಸುಲಿಯುತ್ತಿದ್ದ ಒರ್ಸೋಲಾ ಅತ್ತೆ ಅದನ್ನು ನೋಡಿದಳು.

ವ್ಯಾನನ್ನು ಹಿಡಿಯದೆ ಗತಿಯಿರಲಿಲ್ಲ. ಭಾನುವಾರ ಬಸ್ಸು ಕಡಿಮೆ. ಊರಿನಲ್ಲಿ ಬಾಡಿಗೆಗೆ ಸಿಗುವ ಗಾಡಿ ಒಂದೇ, ಹೆಣದ ಇವಾನ್ಸನದು. ನಿನ್ನ ವ್ಯಾನನ್ನು ನೀನೇ ಹಿಡಿಯಲು ಹೋಗುವುದೇಕೆ ಎಂದು ಇವಾನ್ಸನಿಗೆ ಅನುಮಾನ. ಆದರೂ ಏನಾಗುತ್ತದೋ ನೋಡುವ ಆಸೆಗೆ ಬಂದ. ಅವನ ಕಾಲಿಗೆ ವೇಗದ ಅಭ್ಯಾಸವಿರಲಿಲ್ಲ. ಕಪ್ಪು ಗಾಡಿ ಕಣಿವೆಯಿಳಿದು ಮೆರವಣಿಗೆಯ ನಡೆಯಲ್ಲಿ ಸಮುದ್ರದ ಕಡೆ ಸಾಗಿತು. ದಾರಿಯುದ್ದಕ್ಕೂ ಗಂಡಸರು ಟೋಪಿ ತೆಗೆದು ತಲೆ ಬಾಗಿಸಿದರು. ಮುಂದೆ ಕೂತಿದ್ದ ಎರ್ಕೊಲೆ ಸಭ್ಯತೆಗೆ ಕೈ ಬೀಸಿದ. ಒಬ್ಬ ಮುದುಕ ಬೇಲಿ ಹಿಡಿದುಕೊಂಡ.

ಪೋರ್ತ್‌ಹೆಲಿಗ್‌ನಲ್ಲಿ ವ್ಯಾನು ಕಂಡಿತು. ಗುಲಾಬಿ ಬಣ್ಣ, ಉದ್ದಕ್ಕೂ ಬಂಗಾರದ ಅಕ್ಷರದಲ್ಲಿ ರೂಬಗಲ್ಲಿ. ಅದು ಗಂಟೆ ಬಾರಿಸುತ್ತ ಮೂಲೆಮೂಲೆಗೂ ನಿಂತು ಮಾರುತ್ತಿತ್ತು. ಕಪ್ಪು ಗಾಡಿ ಅದರ ಹಿಂದೆಯೇ ಮೂಲೆಮೂಲೆಗೂ ನಿಲ್ಲುತ್ತ ಹೋಯಿತು. ಕೈಯಲ್ಲಿ ಐಸ್‌ಕ್ರೀಮ್ ಹಿಡಿದ ಜನ ಹಿಂದಿನ ಗಾಡಿಯನ್ನು ನೋಡಿ, ಕೈಯಲ್ಲಿದ್ದುದನ್ನು ನೋಡಿ, ತಿನ್ನುವುದನ್ನು ನಿಲ್ಲಿಸಿದರು. ಕೊನೆಗೆ ಗಿರಾಕಿ ಯಾರೂ ಬರದೆ ವ್ಯಾನು ತಾನಾಗಿಯೇ ನಿಂತಿತು.

ಅದರಿಂದಿಳಿದವನು ಉದ್ದನೆಯ ಹುಡುಗ. ಕಿವಿಗಳು ದೊಡ್ಡವು. ಎರ್ಕೊಲೆ ಅವನ್ನೇ ನೋಡಿದ. ಚೌಕಟ್ಟಿನಲ್ಲಿದ್ದ ಅಪ್ಪನ ಕಿವಿಯೂ ದೊಡ್ಡದೇ.

“ಯಾರಪ್ಪಾ ನೀನು?”

“ಸಿಲ್ವಾನೊ ರೂಬಗಲ್ಲಿ. ನೀವ್ಯಾರು ಸರ್?”

“ನಾನು ರೂಬಗಲ್ಲಿ.”

“ಸಾಧ್ಯ ಇಲ್ಲ ಸರ್. ಬ್ರಿಟನ್ನಲ್ಲಿ ನಾವೊಂದೇ ಮನೆ ಅಂತ ನಮ್ಮಜ್ಜ ಹೇಳ್ತಿದ್ರು. ಸ್ಕಾಟ್ಲೆಂಡಲ್ಲಿ ನಮ್ಮ ಅಂಗಡಿ. ರೂಬಿ ಅಂದ್ರೆ ಮಾಣಿಕ್ಯ. ವೆನಿಸ್‌ನ ರಾಜರಿಗೆ ಮಾಣಿಕ್ಯ ಮಾರಿದ ವಂಶ ನಮ್ಮದು.”

“ಮಾಣಿಕ್ಯ ಮಾರಿದೋರು ಇಲ್ಲಿ ಐಸ್‌ಕ್ರೀಮ್ ಯಾಕೆ ಮಾರ್ತಿದ್ದೀರಿ?”

“ರೋಮನ್ ಬಾವುಟ ಹಿಡಿದೋರು ಕಾಫಿ ಮಾರೋ ಹಾಗೇ ಸರ್.”

ರೋಮನ್ ಬಾವುಟದ ಸಂಗತಿ ಇವನಿಗೆ ಹೇಗೆ ತಿಳಿಯಿತು? ಎರ್ಕೊಲೆ ಅದನ್ನೇ ಕೇಳಬೇಕೆನ್ನುವಷ್ಟರಲ್ಲಿ ವ್ಯಾನಿನ ಕಿಟಕಿಯಿಂದ ಉತ್ತರ ಕಾಣಿಸಿತು. ಬಿಳಿ ಏಪ್ರನ್ ಕಟ್ಟಿ, ಕೈಯಲ್ಲಿ ಸೌಟು ಹಿಡಿದು ಲೀದಿಯಾ ನಿಂತಿದ್ದಳು.

“ಟೈಪಿಂಗು?” ಎಂದ ಎರ್ಕೊಲೆ.

“ಭಾನುವಾರ ಇರಲ್ಲಪ್ಪಾ. ಅವನು ಬ್ಲಾಡ್ವೆನ್ ಮನೇಲಿ ಬಾಡಿಗೆಗಿದ್ದಾನೆ. ನಾವಿಬ್ಬರೂ ಮದುವೆ ಆಗ್ತೀವಿ. ಹೇಳೋಣ ಅಂತಲೇ ಇದ್ದೆ, ಆದ್ರೆ ಹೇಗೆ ಹೇಳೋದು? ಹುಡುಗನ ಹೆಸರು ರೂಬಗಲ್ಲಿ ಅಂದಿದ್ರೆ ನೀನು ನನ್ನನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಿದ್ದೆ.”

ಬೇರೆ ಹೊತ್ತಾಗಿದ್ದರೆ ಎರ್ಕೊಲೆ ಕುಣಿದುಬಿಡುತ್ತಿದ್ದ. ಮಗಳೂ ಉಳಿದಳು, ಮನೆತನವೂ ಉಳಿಯಿತು. ಆದರೆ ಅವನ ಕಣ್ಣು ಆ ಕಿವಿಗಳನ್ನು ಬಿಟ್ಟು ಕದಲಲಿಲ್ಲ. ಈ ಹುಡುಗನ ಅಜ್ಜಿಯ ಬಾಗಿಲಲ್ಲಿ ಬಾರ್ತೊಲೊಮಿಯೊ ಹಾಡಿನ ಪೆಟ್ಟಿಗೆ ಇಳಿಸಿದ್ದರೆ?

“ಹತ್ತಿ, ಇಬ್ಬರೂ ಈ ಗಾಡಿ ಹಿಂದೆ ಹತ್ತಿ” ಎಂದ. “ಬೇರೆ ಬೇರೆ ಕೂತ್ಕೊಳ್ಳಿ.”

“ಹಿಂದೆ ಕೂರೋ ಜಾಗ ಇಲ್ಲ” ಎಂದ ಇವಾನ್ಸ್. “ನಮ್ಮವರು ಮಲಗೋದು.”

ಅವರು ಬಗ್ಗಿ ಕೂತು ಬಂದರು. ಅಂಗಡಿ ತಲುಪುವ ಹೊತ್ತಿಗೆ ಸುದ್ದಿ ಅವರಿಗಿಂತ ಮುಂದೆ ತಲುಪಿತ್ತು. ಭಾನುವಾರವಾದ್ದರಿಂದ ಬಾಗಿಲು ಮುಚ್ಚಿತ್ತು, ಒಳಗೆ ಜನ ಕಿಕ್ಕಿರಿದಿದ್ದರು. ಭಾನುವಾರ ವ್ಯಾಪಾರ ನಡೆಯುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಪ್ರೈಸರೂ ಬಂದಿದ್ದರು.

ಎರ್ಕೊಲೆ ಒರ್ಸೋಲಾ ಅತ್ತೆಯ ಬುಟ್ಟಿಯನ್ನು ಮೊದಲು ಎತ್ತಿ ದೂರ ಇಟ್ಟ. ಇಲ್ಲದಿದ್ದರೆ ಅದರ ಜೊತೆ ಅವಳೂ ಹೋಗಿಬಿಡುತ್ತಿದ್ದಳು.

“ಅತ್ತೆ, ಕಿವಿ ಕೇಳುತ್ತಾ?”

“ಕೇಳಬೇಕು ಅನ್ನಿಸಿದ್ದು ಕೇಳುತ್ತೆ.”

“ಇವನೂ ರೂಬಗಲ್ಲಿ. ನಮ್ಮಪ್ಪನಿಗೆ ಇನ್ನೊಂದು ಸಂಸಾರ ಇತ್ತಾ?”

ಅತ್ತೆ ಗೋಡೆಗೆ ಮುಖ ಮಾಡಿದ್ದ ಚೌಕಟ್ಟನ್ನು ನೋಡಿದಳು. “ಅದಕ್ಕಾ ಅವನನ್ನ ತಿರುಗಿಸಿದ್ದು? ಒಂದು ಸಂಸಾರದ ಮಕ್ಕಳ ಹೆಸರೇ ಅವನಿಗೆ ನೆನಪಿರ್ತಿರಲಿಲ್ಲ. ಇನ್ನೊಂದು ಇಟ್ಕೊಂಡು ಏನು ಮಾಡ್ತಿದ್ದ?” ಎಂದು ಸಿಲ್ವಾನೊ ಕಡೆ ತಿರುಗಿದಳು. “ಏ ಹುಡುಗಾ, ನಿಮ್ಮಜ್ಜ ಮನೆ ಬಾಗಿಲು ಹಾಕುವಾಗ ಏನಂತಿದ್ದ?”

ಸಿಲ್ವಾನೊ ಸಂಕೋಚಪಟ್ಟ. “ಅವರಿಗೆ ವಯಸ್ಸಾಗಿತ್ತು, ಏನೇನೋ ಅಂತಿದ್ರು. ‘ಕೆಳಗಿನವರು ಬರ್ತಾರೆ, ಕೋಳಿ ಎಣಿಸು’ ಅಂತ. ನಮ್ಮ ಮನೇಲಿ ಕೋಳಿನೇ ಇರಲಿಲ್ಲ.”

“ಮೇಲಿನವನು” ಎಂದು ಒರ್ಸೋಲಾ ಅತ್ತೆ ತೀರ್ಪು ಕೊಟ್ಟು, ಕುರ್ಚಿಯನ್ನು ಅವನಿಂದ ಒಂದಿಷ್ಟು ದೂರ ಎಳೆದುಕೊಂಡಳು.

ಆಮೇಲೆ ಅವಳು ಹೇಳಿದ್ದು ಇಷ್ಟು. ಅವರ ಗುಡ್ಡದಲ್ಲಿ ಎರಡು ಕೇರಿ, ನಡುವೆ ಒಂದು ಹಳ್ಳ. ಮೇಲಿನ ಕೇರಿಯವರ ಹುಂಜ ಕಳೆದರೆ ಕೆಳಗಿನವರ ಮೇಲೆ ಅನುಮಾನ, ಕೆಳಗಿನವರ ಹುಂಜ ಕಳೆದರೆ ಮೇಲಿನವರ ಮೇಲೆ. ಒಂದು ಸಲ ದೊರೆಯ ಗುಮಾಸ್ತ ಜನರ ಹೆಸರು ಕೇಳಿಕೊಂಡು ಬಂದ. ಮೇಲಿನವರನ್ನು, ಕೆಳಗೆ ಯಾರಿದ್ದಾರೆ ಎಂದು ಕೇಳಿದ. ಹುಂಜಗಳ್ಳರು ಎಂದರು. ಕೆಳಗೆ ಬಂದು, ಮೇಲೆ ಯಾರು ಎಂದು ಕೇಳಿದ. ಅವರೂ ಅದನ್ನೇ ಅಂದರು. ಗುಮಾಸ್ತ ಎರಡು ಕೇರಿಗೂ ಒಂದೇ ಹೆಸರು ಇಟ್ಟು ಮನೆಗೆ ಹೋದ.

“ರುಬಾ ಅಂದ್ರೆ ಕದಿಯೋದು. ಗಲ್ಲಿ ಅಂದ್ರೆ ಹುಂಜಗಳು. ಇದನ್ನ ಯಾರಿಗೂ ಹೇಳಬೇಡ ಅಂತ ನಿಮ್ಮಪ್ಪ ನನ್ನ ಹತ್ರ ಆಣೆ ಹಾಕಿಸಿಕೊಂಡಿದ್ದ. ರೋಮನ್ ಸೈನ್ಯ ಅಂತೆ.”

ಹೆಣದ ಇವಾನ್ಸ್ ಮೆಲ್ಲನೆ ಹೇಳಿದ, “ಅಂದ್ರೆ ನಮ್ಮ ಹಾಗೇ. ಕಸುಬು ಸೇರಿಸಿ ಇಟ್ಟ ಹೆಸರು.”

ಎರ್ಕೊಲೆಯ ಕಿವಿಗೆ ಅದ್ಯಾವುದೂ ಬೀಳಲಿಲ್ಲ. “ಹಾಗಾದ್ರೆ ರಕ್ತಸಂಬಂಧ ಇಲ್ವಾ?”

“ಮೇಲಿನವರ ಜೊತೆ ಸಂಬಂಧನಾ? ಬೆಂಕಿ ಬಿದ್ರೂ ನೀರು ಕೇಳಿದೋರಲ್ಲ ನಾವು. ಈಗಲೂ ಹುಡುಗಿ ಕೊಡೋದಿಲ್ಲ. ಮೊದಲು ಕದ್ದೋರು ಅವರು.”

“ನಮ್ಮ ಕಡೆ, ನೀವೇ ಮೊದಲು ಅಂತಾರೆ ಅಜ್ಜಿ” ಎಂದ ಸಿಲ್ವಾನೊ. ಲೀದಿಯಾ ಅವನ ಕಾಲು ತುಳಿದಳು. ತಡವಾಗಿತ್ತು.

“ಹುಂಜ ವಾಪಸ್ ತಂದುಕೊಡಲಿ. ಆಮೇಲೆ ಹುಡುಗಿ” ಎಂದು ಅತ್ತೆ ಬುಟ್ಟಿ ತೆಗೆದುಕೊಂಡು ಮಹಡಿ ಹತ್ತಿದಳು. ಅವಳ ಒಪ್ಪಿಗೆಯಿಲ್ಲದೆ ಆ ಮನೆಯಲ್ಲಿ ಹಾಲೂ ಉಕ್ಕುತ್ತಿರಲಿಲ್ಲ.

ಆ ವಾರ ಎರ್ಕೊಲೆ ನಿದ್ದೆಗೆಟ್ಟ. ಹೆಸರಿನ ಅರ್ಥ ಏನಾದರೂ ಇರಲಿ, ಉಳಿಯುವ ದಾರಿ ಕಂಡ ಮೇಲೆ ಕೈಬಿಡಲಾಗದು. ಹುಡುಗ ಐಸ್‌ಕ್ರೀಮ್ ಬಿಟ್ಟು ಹುಂಜ ಎಲ್ಲಿಂದ ತಂದಾನು? ಆ ಕಲ್ಲಿದ್ದಲ ಊರಿನಲ್ಲಿ ಹುಂಜ ಇದ್ದದ್ದು ಒಂದೇ, ಟ್ಯೂಡರ್ ಪ್ರೈಸರ ಹಿತ್ತಲಲ್ಲಿ. ಕೊಂಡು ತಂದು ಗುಟ್ಟಾಗಿ ಹುಡುಗನ ಕೈಗೆ ಕೊಡೋಣ ಎಂದು ಶನಿವಾರ ಮಧ್ಯಾಹ್ನ ಹೋದ. ಬಾಗಿಲು ಬಡಿದ. ಯಾರೂ ತೆಗೆಯಲಿಲ್ಲ. ಹುಂಜ ಗೋಡೆಯ ಮೇಲೆ ನಿಂತು ಅವನನ್ನೇ ನೋಡುತ್ತಿತ್ತು. ಕಾಲಿಗೆ ದಾರವೊಂದು ಕಟ್ಟಿತ್ತು, ಹಿಡಿಯಲೂ ಸಲೀಸು. ಸಂಜೆ ಬಂದು ಹಣ ಕೊಟ್ಟರಾಯಿತು ಎಂದುಕೊಂಡ. ಆಮೇಲೆ ಏನಾಯಿತೆಂದು ಅವನಿಗೇ ಸರಿಯಾಗಿ ನೆನಪಿಲ್ಲ. ಕೈಗಳು ತಾವಾಗಿಯೇ ಹೋದವು, ಯಾರೂ ಕಲಿಸದಿದ್ದರೂ ಕೊಕ್ಕು ಮುಚ್ಚಿ ರೆಕ್ಕೆ ಒತ್ತಿ ಹಿಡಿದವು ಎಂದಷ್ಟೇ ಮುಂದೆ ಹೇಳುತ್ತಿದ್ದ.

ಕೋಟಿನೊಳಗೆ ಹುಂಜ, ಮುಖದಲ್ಲಿ ನಗು. ಬೀದಿಯಲ್ಲಿ ಮೊದಲು ಸಿಕ್ಕವನು ಪೇದೆ.

“ಏನು ಎರ್ಕೊಲೆ, ದಪ್ಪ ಆಗಿದ್ದೀಯ?”

“ಮಾರ್ವೆನ್ ಅಡುಗೆ” ಎಂದ ಎರ್ಕೊಲೆ.

ಅಡುಗೆ ಕೂಗಿತು. ಕೋಟಿನ ಒಳಗಿಂದ, ಬೀದಿಯ ಈ ತುದಿಯಿಂದ ಆ ತುದಿವರೆಗೆ ಕೇಳುವ ಹಾಗೆ.

ಪೇದೆ ಅವನನ್ನು ಅವನ ಅಂಗಡಿಗೇ ಕರೆದುಕೊಂಡು ಬಂದ. ಒಳಗೆ ಸಿಲ್ವಾನೊ ಮತ್ತು ಟ್ಯೂಡರ್ ಪ್ರೈಸ್ ಎದುರುಬದುರು ಕೂತಿದ್ದರು. ಪ್ರೈಸರ ಮುಂದೆ ತಟ್ಟೆ ಖಾಲಿಯಿತ್ತು, ಬಿಸ್ಕತ್ತಿನ ಪುಡಿ ಮಾತ್ರ ಉಳಿದಿತ್ತು. ಒರ್ಸೋಲಾ ಅತ್ತೆಯೂ ಕೆಳಗೆ ಬಂದಿದ್ದಳು.

“ಇವನ ಕೋಟಿನಲ್ಲಿ ನಿಮ್ಮ ಹುಂಜ ಸಿಕ್ತು ಸ್ವಾಮಿ” ಎಂದ ಪೇದೆ.

ಪ್ರೈಸ್ ಕನ್ನಡಕ ಸರಿಮಾಡಿಕೊಂಡು ಹುಂಜವನ್ನು ನೋಡಿದರು. “ನನ್ನದಲ್ಲ. ಬೆಳಿಗ್ಗೆ ಈ ಹುಡುಗನಿಗೆ ಮಾರಿಬಿಟ್ಟೆ. ಭಾನುವಾರ ವ್ಯಾನು ಹೊರಡಿಸೋದಿಲ್ಲ ಅಂತ ಮಾತು ಕೊಟ್ಟ. ಗುರುತಿಗೆ ದಾರ ಕಟ್ಟಿಟ್ಟಿದ್ದೆ. ಚಹಾ ಕುಡಿದು ತರೋಕೆ ಹೊರಟಿದ್ವಿ.”

“ಅಂದ್ರೆ ಈ ಹುಂಜ ಯಾರದು?” ಎಂದು ಅತ್ತೆ ಕೇಳಿದಳು. ಕಿವಿ ಚೆನ್ನಾಗಿಯೇ ಕೇಳುತ್ತಿತ್ತು.

“ಇವನದು. ಸಿಲ್ವಾನೊನದು” ಎಂದರು ಪ್ರೈಸ್.

“ಕದ್ದದ್ದು ಯಾರು?”

ಎಲ್ಲರೂ ಎರ್ಕೊಲೆಯ ಕಡೆ ನೋಡಿದರು. ಕೋಟಿನ ಗುಂಡಿಗಳ ನಡುವಿನಿಂದ ಹುಂಜವೂ ತಲೆ ಹೊರಹಾಕಿ ಅವನ ಕಡೆಯೇ ನೋಡಿತು.

ಒರ್ಸೋಲಾ ಅತ್ತೆ ಅಣ್ಣನ ಮಗನನ್ನು ದಿಟ್ಟಿಸಿದಳು. ಗುಡ್ಡದ ಎರಡು ಕೇರಿಗಳ ಅಷ್ಟೂ ತಲೆಮಾರುಗಳ ಜಗಳ ಅವಳ ಹಣೆಯ ಮೇಲೆ ಸುಕ್ಕುಗಟ್ಟಿ ನಿಂತಿತ್ತು. ಆಮೇಲೆ ಸುಕ್ಕುಗಳು ಒಂದೊಂದಾಗಿ ಸಡಿಲವಾದವು.

“ಹಾಗಾದ್ರೆ ಮೊದಲು ಕದ್ದೋರು ನಾವೇ ಇರ್ಬೇಕು” ಎಂದಳು. ಎದ್ದು ಬಂದು, ಎರ್ಕೊಲೆಯ ಕೋಟಿನಿಂದ ಹುಂಜವನ್ನು ಎಳೆದು ತೆಗೆದು ಸಿಲ್ವಾನೊ ಕೈಗೆ ಕೊಟ್ಟಳು. “ತಗೋ ಮಗನೇ. ತಪ್ಪಾಯ್ತು. ಹುಡುಗೀನೂ ಕರ್ಕೊಂಡು ಹೋಗು.”

ಪೇದೆ ಇದನ್ನು ಯಾವ ಕಾನೂನಿನಡಿ ಸೇರಿಸಬೇಕೋ ತಿಳಿಯದೆ ಒಂದು ಚಹಾ ಕುಡಿದು ಹೋದ. ಹೋಗುವಾಗ ಕಿಟಕಿಯ ಹಲಗೆಯ ಮೇಲಿನ ಕೆಂಪು ಹುಂಜವನ್ನು ಒಮ್ಮೆ ನೋಡಿದ. ಮಾರ್ವೆನ್ ಪಾತ್ರೆ ಒರೆಸುವುದನ್ನು ನಿಲ್ಲಿಸಿ ಗಂಡನ ಕೋಟಿಗೆ ಅಂಟಿದ್ದ ಪುಕ್ಕ ತೆಗೆದಳು. “ಬ್ಲಾಡ್ವೆನ್‌ಗಿಂತ ಹುಂಜ ವಾಸಿ” ಎಂದಳು.

ಮದುವೆ ಸೆಪ್ಟೆಂಬರಿನಲ್ಲಿ ನಡೆಯಿತು. ಸ್ಕಾಟ್ಲೆಂಡಿನಿಂದ ಸಿಲ್ವಾನೊನ ಕಡೆಯವರು ಬಂದರು. ಊಟಕ್ಕೆ ಕೂರುವ ಮೊದಲು ಎರಡು ಕಡೆಯವರೂ ತಮ್ಮ ತಮ್ಮ ಚೀಲಗಳನ್ನು ಕಾಲ ಹತ್ತಿರ ಎಳೆದುಕೊಂಡರು. ಪಾದ್ರಿ ವಧುವಿನ ಹೆಸರು ಕೇಳಿದರು, ಲೀದಿಯಾ ರೂಬಗಲ್ಲಿ. ಮದುವೆಯಾದ ಮೇಲಿನ ಹೆಸರು ಕೇಳಿದರು, ಲೀದಿಯಾ ರೂಬಗಲ್ಲಿ. ಅವರು ಕತ್ತೆತ್ತಿ, ತಾವು ಕೇಳಿದ್ದು ಅರ್ಥವಾಯಿತೇ ಎನ್ನುವಂತೆ ನೋಡಿದರು. ಮುಂದಿನ ಸಾಲಿನಲ್ಲಿ ಎರ್ಕೊಲೆ ಆನಂದದಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಇನ್ನು ನೂರು ವರ್ಷ ಈ ನಾಡಿನಲ್ಲಿ ಮನೆತನಕ್ಕೆ ಅಳಿವಿಲ್ಲ.

ಹೊರಗೆ ಬಂದ ಮೇಲೆ ಮಗಳನ್ನು ಅಪ್ಪಿಕೊಂಡು, “ಖುಷಿನಾ ಮಗಳೇ?” ಎಂದು ಕೇಳಿದ.

“ಖುಷಿನೇ ಅಪ್ಪಾ” ಎಂದಳು ಲೀದಿಯಾ. ಮುಸುಕು ಸರಿಮಾಡಿಕೊಂಡು, ಗುಲಾಬಿ ವ್ಯಾನಿನ ಕಡೆ ನಡೆಯುತ್ತಿದ್ದ ಗಂಡನ ಬೆನ್ನು ನೋಡಿದಳು. “ಆದ್ರೆ ಒಂದು ಮಾತು. ಚಿಕ್ಕಂದಿನಿಂದ ಈ ಹೆಸರನ್ನ ಕಂಡಕಂಡವರಿಗೆಲ್ಲ ಒಂದೊಂದೇ ಅಕ್ಷರ ಬಿಡಿಸಿ ಹೇಳಿ ಹೇಳಿ ಬಾಯಿ ಒಣಗಿತ್ತು. ಮದುವೆ ಆದ್ರೆ ತಪ್ಪುತ್ತೆ ಅಂತ ಕಾಯ್ತಾ ಇದ್ದೆ.”